ಹರಿಯುವ ನೀರಿಗೆ ಬಿಟ್ಟ ಸಸಿ

ಹಗ್ಗ ಜಗ್ಗಿ ಎತ್ತು ನಿಲ್ಲಿಸಿಬಿಟ್ಟೆ. ಮುಂಡಗೋಡದ ಟಿಬೆಟಿನವರ ಕ್ಯಾಂಪಿಗೆ ಬಿದಿರು ಹೇರಿಕೊಂಡು ಹೊರಟಿದ್ದೆ. ಒಂದು ಗುಡಿಸಲ ಮುಂದೆ ಮುದುಕನೊಬ್ಬ ಎಂಥದೋ ಎಲೆ ಸುಡುತ್ತಿದ್ದ. ಆ ಹೊಗೆ ನನಗೆ ಗೊತ್ತು. ದಾಂಡೇಲಿಯ ಕಟ್ಟಿಗೆ ಡಿಪೋ ಕಾಯುತ್ತಿದ್ದ ನೇಪಾಳದ ಗೂರ್ಖಾನ ಹೊಗೆ ಅದು…

ನಾನು ಹುಡುಗನಾಗಿದ್ದಾಗ ಅವನು ನಮ್ಮ ಪಕ್ಕದಲ್ಲೇ ಇದ್ದ. ನಮ್ಮ ಮಾತು ಕಲಿತಿದ್ದ. ದಿನಾ ಬೆಳಿಗ್ಗೆ ಊರಿಂದ ತಂದ ಒಣ ಎಲೆ ಕೆಂಡಕ್ಕೆ ಹಾಕಿ ಉತ್ತರಕ್ಕೆ ಕೈ ಮುಗಿಯುತ್ತಿದ್ದ. ಅವನ ಊರಲ್ಲಿ ಹೊತ್ತು ಹುಟ್ಟಿದರೆ ಹಿಮದ ಗುಡ್ಡ ಕೆಂಪಾಗುತ್ತದಂತೆ. ಕಾಡಿಗೆ ಕಾಡೇ ಕೆಂಪು ಹೂವಂತೆ. ದಸರೆಗೆ ಬಿದಿರಿನ ಜೋಕಾಲಿ ಕಟ್ಟಿ ಮುದುಕರೂ ಜೀಕುತ್ತಾರಂತೆ.

“ಅಷ್ಟು ಛಲೋ ಇದ್ರ ಬಿಟ್ಟು ಯಾಕ ಬಂದಿ, ಮಾಮಾ?” ಅಂತ ಕಾಡುತ್ತಿದ್ದೆ.

“ಗುಡ್ಡ ಹೊಟ್ಟಿ ತುಂಬಸಂಗಿಲ್ಲೋ, ಹುಚ್ಚಾ.”

ಒಂದು ವರ್ಷ ಅವನಿಗೆ ಊರಿಗೆ ಹೋಗಲು ರಜೆ ಸಿಕ್ಕಿತು. ಅವನು ಇನ್ನೂ ಮುಖ ನೋಡದ ಮಗಳಿದ್ದಳು. ದಸರೆಗೆ ಹಿರಿಯರ ಕೈಯಿಂದ ಹಣೆಗೆ ಮೊಸರಕ್ಕಿ ಹಚ್ಚಿಸಿಕೊಳ್ಳಬೇಕು, ಅದು ಅವರ ಪದ್ಧತಿ. ಊರು ಮುಟ್ಟುವಷ್ಟರಲ್ಲಿ ದಸರೆ ಮುಗಿದಿರುತ್ತದೆ ಅಂತ ನಮ್ಮ ಅವ್ವನ ಮುಂದೆ ಬಂದು ಕುಳಿತ. ಅವ್ವ ಹಚ್ಚಿದಳು. ನಮ್ಮ ನವರಾತ್ರಿಯ ಘಟದಲ್ಲಿ ಮೊಳೆತ ಹಳದಿ ಸಸಿ ಕಿತ್ತು ಅವನ ಕಿವಿಗೆ ಸಿಕ್ಕಿಸಿದಳು. ಅವರಲ್ಲೂ ಹಾಗೇ ಮಾಡುತ್ತಾರಂತೆ.

ಹೊರಡುವ ದಿನ ಆ ಸಸಿ ಹೊಳೆಗೆ ಬಿಡಲು ಇಳಿದ. ಆ ವಾರ ನೀರು ಕುಡಿಯಲು ಹೋದ ಆಡು ತಿರುಗಿ ಬಂದಿರಲಿಲ್ಲ. ನಾಯಿಗಳೂ ದಂಡೆಗೆ ಇಳಿಯುತ್ತಿರಲಿಲ್ಲ.

“ದಂಡ್ಯಾಗ ಬಿಟ್ಟು ಬಾರಪಾ, ಮೊಸಳಿ ಐತಿ,” ಅಂದಳು ಅವ್ವ.

“ಇಲ್ಲಿ ನೀರು ನಿಂತೈತಿ, ಅವ್ವಾ. ಹರಿಯೋ ನೀರಿಗೇ ಬಿಡಬೇಕು. ಇಲ್ಲಾಂದ್ರ ನನ್ನ ಮಗಳಿಗೆ ಛಲೋ ಆಗಂಗಿಲ್ಲ.”

ಸೊಂಟಮಟ್ಟದ ನೀರಿಗೆ ಹೋದ. ಅವನ ಊರಿನ ಹೊಳೆಯಲ್ಲಿ ಬರೀ ಹಿಮದ ನೀರು, ಕಚ್ಚುವಂಥದ್ದು ಏನೂ ಇಲ್ಲ. ಆಚೆ ಒಂದು ದಿಮ್ಮಿ ತೇಲುತ್ತಿತ್ತು. ಡಿಪೋದ್ದೇ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ದಿಮ್ಮಿ ಹರಿವಿಗೆ ಎದುರಾಗಿ ಬರುತ್ತಿತ್ತು.

ದಂಡೆಯಿಂದ ನಾನೂ ಅವ್ವನೂ ಕೂಗಿದೆವು. ಆಶೀರ್ವಾದ ಮಾಡುತ್ತಿದ್ದಾರೆ ಅಂದುಕೊಂಡನೋ ಏನೋ, ತಿರುಗಿ ನಕ್ಕ…

ಸಸಿ ಮಾತ್ರ ಹರಿಯುವ ನೀರು ಸೇರಿತು.

ಅವ್ವ ಈಗಲೂ ಘಟ ಹಾಕುತ್ತಾಳೆ. ಸಸಿ ಹೊಳೆಗೆ ಬಿಡುವುದಿಲ್ಲ. ಜಂತಿಗೆ ಸಿಕ್ಕಿಸುತ್ತಾಳೆ, ಅಲ್ಲೇ ಒಣಗುತ್ತದೆ. ಆ ಮಗಳಿಗೆ ಯಾರಾದರೂ ಹೇಳಿದರೋ ಇಲ್ಲವೋ, ಗೊತ್ತಿಲ್ಲ.

ಗುಡಿಸಲ ಮುದುಕ ಬಾ ಅಂತ ಕೈ ಮಾಡಿದ. ಹೋಗಲಿಲ್ಲ. ಎತ್ತು ಹೊಡೆದೆ. ಇಷ್ಟೇ. ಇನ್ನು ನನ್ನ ಹತ್ತಿರ ಹೇಳುವುದು ಏನೂ ಇಲ್ಲ.