ಯಮನವ್ವನ ರಿಮ್ಮಿನೊಳಗೆ ಎಷ್ಟು ಹುಲ್ಲು?

ಹೊತ್ತು ಇನ್ನೂ ಮೂಡಿಲ್ಲ. ಮಾಡಗ್ಯಾಳದ ಮಾಳದಲ್ಲಿ ಯಮನವ್ವ ಕಣ್ಣು ಮುಚ್ಚಿ, ಕಡ್ಡಿ ಕಿತ್ತ ಹಳೆ ಸೈಕಲ್ ರಿಮ್ಮೊಂದನ್ನು ಬೀಸಿ ಎಸೆಯುತ್ತಾರೆ. ಅದು ಬಿದ್ದಲ್ಲಿ ಕುಕ್ಕರಗಾಲಲ್ಲಿ ಕೂತು, ಒಳಗಿನ ಹುಲ್ಲಿನ ಬುಡಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ಎಣಿಸುತ್ತಾರೆ. ಹನ್ನೊಂದು. ಗುರುತಿಗೊಂದು ಗೂಟ ಬಡಿದು ಮುಂದಕ್ಕೆ. ಹೀಗೆ ಹತ್ತು ಕಡೆ.

“ಕಣ್ಣ ತಗದು ಒಗದ್ರ ಕೈ ತಾನ ಚಲೋ ಹುಲ್ಲಿನ ಕಡಿ ಹೋಗತೈತ್ರಿ,” ಎನ್ನುತ್ತಾರೆ.

ಇಂದು ಎಣಿಕೆಗೆ ಅವಸರವಿದೆ. ಬೇಲಿಯ ಬಾಗಿಲಾಚೆ ಅವರ ತಮ್ಮ ಬೀರುವಿನ ಎಂಬತ್ತಾರು ಕುರಿಗಳು ನಿಂತಿವೆ. ನಿನ್ನೆ ಬೆಳಗಿನಿಂದ ಅವು ನೀರು ಕಂಡಿಲ್ಲ. ಕುರಿ ಹಾದು ಹೋದ ಮೇಲೂ ಹುಲ್ಲು ಉಳಿದರೆ ಕೆರೆಗೆ ದಾರಿ ಸಿಗುತ್ತದೆ. ಉಳಿಯದಿದ್ದರೆ ಬಾಗಿಲು ಇನ್ನೈದು ವರ್ಷ ತೆರೆಯುವುದಿಲ್ಲ. ಉಳಿಯಿತೋ ಇಲ್ಲವೋ ಎಂದು ಹೇಳಬೇಕಾದವರು ಯಮನವ್ವ.

ಮೂರು ವರ್ಷದ ಹಿಂದೆ ಈ ಮಾಳಕ್ಕೆ ಬೇಲಿ ಬಿತ್ತು, ಮೇಯಿಸುವುದು ನಿಂತಿತು. ಹುಲ್ಲಿನ ಲೆಕ್ಕಕ್ಕೆ, ಹುಲ್ಲುಗಾವಲು ಮತ್ತೆ ಬೆಳೆಸುವ ಯೋಜನೆಯವರು ಯಮನವ್ವನನ್ನು ದಿನಗೂಲಿಗೆ ಹಿಡಿದರು. ಏಳನೆಯ ಇಯತ್ತೆಯವರೆಗೆ ಓದಿದ್ದಾರೆ, ಹುಲ್ಲಿನ ಗುರುತು ಹುಟ್ಟಿನಿಂದ ಬಂದದ್ದು. ಮೊದಲ ವರ್ಷ ರಿಮ್ಮಿನೊಳಗೆ ಮೂರು ಬುಡ ಸಿಕ್ಕರೆ ಹೆಚ್ಚು. ಈಗ ಹತ್ತು, ಹನ್ನೊಂದು. ಕಲ್ಲಿನ ಸಂದಿಯಲ್ಲಿ ಟಿಟ್ಟಿಭ ಹಕ್ಕಿ ಮೊಟ್ಟೆಯಿಡುತ್ತಿದೆ. ಹುಲ್ಲು ಮಣ್ಣನ್ನು ಹಿಡಿದದ್ದರಿಂದ, ಸಂಕ್ರಾಂತಿಗೇ ಒಣಗುತ್ತಿದ್ದ ಕೆರೆಯಲ್ಲಿ ರೋಹಿಣಿ ಮಳೆಯವರೆಗೂ ನೀರು.

ಆದರೆ ಕೆರೆ ಇರುವುದು ಬೇಲಿಯ ಒಳಗೆ.

“ಹುಲ್ಲಿಗಿ ಬೇಲಿ ಹಾಕಿದ್ರಿ, ಆತು. ನೀರಿಗೂ ಹಾಕಿದ್ರಿ!” ಎಂದು ಬೀರು ಕಂಡಾಗಲೆಲ್ಲ ಚುಚ್ಚುತ್ತಾನೆ. “ಅಕ್ಕಾ, ನೀ ಹುಲ್ಲಿಗಿ ಅಕ್ಕ ಆದಿ. ನನಗಲ್ಲ.”

ಯಮನವ್ವ ಹುಲ್ಲಿನ ಲೆಕ್ಕ ಬರೆಯುವ ಹಾಳೆಯನ್ನು ತಿರುಗಿಸಿ, ಯಾರೂ ಕೇಳದ ಇನ್ನೊಂದು ಲೆಕ್ಕವನ್ನು ಹಿಂಬದಿಗೆ ಬರೆಯುತ್ತಾರೆ. ಕುರಿ ನೀರಿಗೆ ನಡೆದದ್ದು ಡಾಂಬರು ರಸ್ತೆಯ ಮೇಲೆ ಏಳು ಕಿಲೋಮೀಟರ್. ಲಾರಿಗೆ ಸಿಕ್ಕವು ನಾಲ್ಕು. ಬೀರುವಿನ ಹೆಂಡತಿ ಸುನಿತಾ ಕೂಸು ಹಡೆದ ಹದಿನೈದನೇ ದಿನಕ್ಕೆ ಕುರಿಗಳ ಹಿಂದೆ ನಡೆದಳು. ಮೂರು ವರ್ಷ ಕಚೇರಿಯವರು ಹಾಳೆಯ ಮುಂಬದಿಯನ್ನಷ್ಟೇ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋದರು.

ಕಳೆದ ವಾರ ಯೋಜನೆಯ ಅಧಿಕಾರಿ ಅಣ್ಣಾರಾಯ ಬಂದಾಗ ಆಕೆ ಬಾಯಿಬಿಟ್ಟರು: “ಸಾಹೇಬ್ರ, ಹಾಳಿ ಹೊಳ್ಳಿಸಿ ನೋಡ್ರಿ.”

ಅವರು ನೋಡಿದರು. “ದಾರಿ ಕೊಟ್ರ ಕುರಿ ಹುಲ್ಲು ಬಿಡ್ತಾವೇನವ್ವ?”

“ನೀರಡಿಸಿದ ಕುರಿ ಹುಲ್ಲಿಗಿ ಬಾಯಿ ಹಾಕೂದಿಲ್ರಿ, ಸೀದಾ ನೀರಿಗಿ ಓಡತೈತಿ. ಕುಡದ ಮ್ಯಾಲ ನೋಡ್ರಿ ಅದರ ಆಟ! ಹುಲ್ಲಿನಾಗ ಹಾಯಿಸಿ ಒಳಗ ತರೂಣು, ಪಡುವಣದ ಬರೇ ಕಲ್ಲಿನ ಕಡಿಂದ ಹೊರಗ ಹಾಕೂಣು.”

ಆ ಮಾತಿನ ಪರೀಕ್ಷೆ ಇವತ್ತು.

ಬಾಗಿಲು ತೆರೆಯುತ್ತದೆ. ಬಾಗಿದ ಮೂಗಿನ, ಎತ್ತರದ ಕುರಿಗಳು ತಲೆ ತಗ್ಗಿಸಿ, ಒಂದರ ಬಾಲಕ್ಕೆ ಇನ್ನೊಂದು ಅಂಟಿದಂತೆ ಹಸಿರು ಚಿಗುರಿನ ನಡುವೆ ನುಗ್ಗುತ್ತವೆ. ಅಣ್ಣಾರಾಯ ಅವುಗಳ ಬಾಯಿಯನ್ನೇ ನೋಡುತ್ತಾರೆ. ಒಂದೂ ನಿಲ್ಲುವುದಿಲ್ಲ. ಕೆರೆಯ ದಂಡೆಯಲ್ಲಿ ಎಂಬತ್ತಾರು ಬಾಯಿ ನೀರಿಗಿಳಿದ ಸದ್ದು.

ಯಮನವ್ವ ಗೂಟದಿಂದ ಗೂಟಕ್ಕೆ ನಡೆಯುತ್ತಾರೆ. ಒಂಬತ್ತು ಕಡೆ ಲೆಕ್ಕ ಸರಿ. ಹತ್ತನೆಯದರಲ್ಲಿ ಬೆರಳು ನಿಲ್ಲುತ್ತದೆ. ಹನ್ನೊಂದರಲ್ಲಿ ಎರಡು ಬುಡಗಳಿಗೆ ಚಿಗುರಿಲ್ಲ.

ಬೀರು ಹಿಂದಿನಿಂದ ಪಿಸುಗುಡುತ್ತಾನೆ: “ಎರಡಕ್ಕ ಏನಾಗತೈತಿ ಅಕ್ಕಾ? ಬರೀಬ್ಯಾಡ.”

ಅಣ್ಣಾರಾಯ ಹತ್ತು ಹೆಜ್ಜೆ ದೂರದಲ್ಲಿದ್ದಾರೆ. ಯಮನವ್ವ ಕಚ್ಚಿದ ಗುರುತನ್ನು ಬಗ್ಗಿ ನೋಡುತ್ತಾರೆ. ಸಣ್ಣ ಹಲ್ಲು. ತಲೆಯೆತ್ತಿ ತಮ್ಮನ ಕಂಕುಳಲ್ಲಿದ್ದ ಮರಿಯನ್ನು ನೋಡುತ್ತಾರೆ. ಪರೀಕ್ಷೆ ನೋಡಲು ಹಟ್ಟಿಯವರೆಲ್ಲ ಬಂದಿದ್ದರಿಂದ, ಕಾಯುವವರಿಲ್ಲವೆಂದು ಬೀರು ಐದಾರು ಮರಿಗಳನ್ನೂ ಹಿಂಡಿನ ಹಿಂದೆ ತಂದಿದ್ದಾನೆ.

“ಲೇ ಕುರುಬರ ಮಗನ! ತಾಯಿ ಹಾಲು ಕುಡಿಯೋ ಮರಿಗಿ ಎಲ್ಲೀ ನೀರಡಿಕಿ?”

ಬೈದು, ಪೆನ್ನಿನ ಮುಚ್ಚಳ ತೆಗೆದು, ಹನ್ನೊಂದರ ಮುಂದೆ ಒಂಬತ್ತು ಎಂದು ಬರೆದು, ಹಾಳೆಯನ್ನು ತಾವೇ ಒಯ್ದು ಕೊಡುತ್ತಾರೆ. “ಎರಡು ಹೋಗ್ಯಾವ್ರಿ ಸಾಹೇಬ್ರ. ಮರಿ ತಿಂದಾವ. ಮರಿ ಬರ್ತಾವಂತ ನಾನೂ ಎಣಿಸಿರ್ಲಿಲ್ಲ, ತಪ್ಪು ನಂದೂ ಐತಿ.”

ಬೀರು ಮುಖ ತಿರುಗಿಸಿ ನಿಲ್ಲುತ್ತಾನೆ. ಅಣ್ಣಾರಾಯ ಹಾಳೆಯ ಹತ್ತೂ ಲೆಕ್ಕಗಳ ಮೇಲೆ ಬೆರಳಾಡಿಸುತ್ತಾರೆ. ಆಮೇಲೆ ಯಾರೂ ಹೇಳದೆಯೇ ಅದನ್ನು ತಿರುಗಿಸುತ್ತಾರೆ.

“ಇವತ್ತ ನೀರಿಗಿ ಎಷ್ಟ ನಡದಾವು?”

“ಅರ್ಧಾ ಕಿಲೋಮೀಟರ್ ರೀ.”

“ಅದನ್ನೂ ಬರಿ. ಮರಿ ಹಟ್ಟ್ಯಾಗ ಇರಲಿ. ಮಳಿ ಹಿಡಿಯೂತನ ದಿನಕ್ಕೊಮ್ಮಿ ಬಾಗಲಾ ತಗೀರಿ. ದಿನಾ ಎಣಿಸು. ಲೆಕ್ಕ ಇಳೀತಂದ್ರ ಮುಚ್ಚೂದ.”

ಕುರಿಗಳು ಕಲ್ಲಿನ ಕಡೆಯಿಂದ ಹೊರಬಿದ್ದ ಮೇಲೆ ಯಮನವ್ವ ರಿಮ್ಮನ್ನು ಹೆಗಲಿಗೇರಿಸುತ್ತಾರೆ. ಇನ್ನೇನು ಬೇಕು ಎಂದು ಕೇಳಿದರೆ ಹಾಳೆಯ ಹಿಂಬದಿಯನ್ನು ತೋರಿಸುತ್ತಾರೆ.

“ಮುಂದಿನ ವರ್ಷ ಹಾಳಿ ಛಾಪಿಸೂವಾಗ, ಈ ಹಿಂದಿಂದಕ್ಕೂ ಮುಂದ ಒಂದೀಟು ಜಾಗಾ ಬಿಡ್ಲಿ. ಒಂದ ಸಾಲು ಸಾಕ್ರಿ. ನಾ ಸಣ್ಣ ಅಕ್ಷರದಾಗ ಬರೀತೀನಿ.”