ಮಾವನವರ ಸೆಟ್ಟು

ಹೋದ ವಾರ ನಾನು ನಮ್ಮ ಮಾವನವರ ಹಲ್ಲುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವರ ಪ್ರಾಣ ಉಳಿಸಲಿಕ್ಕೆ!

ನಗಬೇಡಿ. ಮಾವನವರ ಹೃದಯ ಆಗಾಗ ಬಡಿಯುವುದನ್ನೇ ಮರೆಯುತ್ತಿತ್ತು. ಮದರಾಸಿನಲ್ಲಿ ಅವರ ಎದೆಯ ಚರ್ಮದ ಕೆಳಗೆ ಬ್ಯಾಟರಿಯ ಯಂತ್ರವೊಂದನ್ನು ಇಟ್ಟು ಹೊಲಿದರು. ಪೇಸ್‌ಮೇಕರ್ ಅಂತ ಹೆಸರು. (ಇಡೀ ಜಯನಗರದಲ್ಲಿ ಇಂಥದ್ದು ಇರುವುದು ಇವರೊಬ್ಬರಿಗೇ ಎಂದು ನಮ್ಮತ್ತೆ ಹಾಲಿನವನಿಗೂ ಹೇಳಿಯಾಗಿದೆ.) ಹೊರಡುವಾಗ ಅಲ್ಲಿನ ಡಾಕ್ಟರು ನನ್ನನ್ನು ಕರೆದು, ತಮ್ಮ ಹರಕು ಕನ್ನಡದಲ್ಲಿ, "ಸಾರ್, ಅವರ್ ಸೆಟ್ ಎದೆ ಹತ್ರ ಬೇಡ. ಮ್ಯಾಗ್ನೆಟ್. ಮೆಷಿನ್ ಕೆಡತ್ತೆ" ಎಂದರು.

ನಮ್ಮ ಮನೆಯಲ್ಲಿ ಸೆಟ್ ಎಂದರೆ ಹಲ್ಲುಸೆಟ್ಟು. ಊಟವಾದ ಮೇಲೆ ಮಾವನವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಇಡುವುದೆಲ್ಲಿ? ಅಂಗಿಯ ಜೇಬಿನಲ್ಲಿ, ಸರಿಯಾಗಿ ಎದೆಯ ಮೇಲೆ! ಅದಕ್ಕೆ ಉಕ್ಕಿನ ತಂತಿ ಬೇರೆ ಇದೆ. ಸೈನ್ಸ್ ಓದಿದ ಅಳಿಯನಿಗೆ ಇನ್ನೇನು ಬೇಕು?

ಹಲ್ಲಿಲ್ಲದವರಿಗೆ ಗಂಜಿ, ಮಜ್ಜಿಗೆಯನ್ನ. ಬೇಜಾರಾಗದಿರಲಿ ಎಂದು ಮದರಾಸಿನ ಆಸ್ಪತ್ರೆಗೂ ಒಯ್ದಿದ್ದ ಅವರ ಪ್ರೀತಿಯ ಟ್ರಾನ್ಸಿಸ್ಟರ್ ರೇಡಿಯೋವನ್ನು ನಾನೇ ಅವರ ಎದೆಯ ಮೇಲೆ ಇಟ್ಟೆ. ಮಲಗಿದಲ್ಲೇ ಕ್ರಿಕೆಟ್ ಕಾಮೆಂಟರಿ ಕೇಳಲಿ, ಪಾಪ. ಕೇಳುತ್ತಾ ಕೇಳುತ್ತಾ ಅವರಿಗೆ ತಲೆ ಸುತ್ತತೊಡಗಿತು. ಏನೋ ಹೇಳಿದರು, ಬೊಚ್ಚುಬಾಯಿಯ ಮಾತು ತಿಳಿಯಲಿಲ್ಲ. ನಿಶ್ಶಕ್ತಿ ಎಂದುಕೊಂಡು ಇನ್ನೊಂದು ಲೋಟ ಗಂಜಿ ಕುಡಿಸಿದೆ.

"ರೀ, ಅಪ್ಪನ ಕೈ ತಣ್ಣಗಾಗಿದೆ!" ಎಂದು ನನ್ನ ಹೆಂಡತಿ ಕೂಗಿದಳು. ಪಕ್ಕದ ರಸ್ತೆಯ ಡಾಕ್ಟರ ಮನೆಗೆ ಬರಿಗಾಲಲ್ಲೇ ಓಡಿದೆ.

ಡಾಕ್ಟರು ಬಂದವರೇ ರೇಡಿಯೋ ಕಿತ್ತುಕೊಂಡರು. "ಏನ್ರೀ ಇದು! ಈ ಸೆಟ್ಟಿನ ಸ್ಪೀಕರ್ ಒಳಗೇ ಇದ್ಯಲ್ರೀ ಮ್ಯಾಗ್ನೆಟ್ಟು! ಎದೆ ಮೇಲೆ ಇಟ್ಟೋರ್ಯಾರು?"

ಸೆಟ್! ರೇಡಿಯೋ ಸೆಟ್! ಮನೆಮಂದಿಯೆಲ್ಲ ನನ್ನತ್ತ ನೋಡಿದರು. ನಾನು ಬೀರುವಿನತ್ತ ನೋಡಿದೆ.

ಸ್ವಲ್ಪ ಹೊತ್ತಿಗೆ ಅವರ ನಾಡಿ ಸರಿಹೋಯಿತು. ನನಗೆ ಅಳುವೇ ಬಂತು. ಮನೆಗೆ ದಿನಕ್ಕೊಂದು ಹೊಸ ಯಂತ್ರ ಬರುತ್ತಿದೆ, ಈಗ ಮೈಯೊಳಕ್ಕೂ ಬಂದಿದೆ. ಯಾವುದಕ್ಕೆ ಯಾವುದು ಆಗದು ಎಂದು ಕೇಳಲು ಮಾತ್ರ ನಮಗೆ (ಅಂದರೆ ನನಗೆ) ನಾಚಿಕೆ. "ಯಾವ ಸೆಟ್ಟು ಸಾರ್?" ಎಂದು ಒಂದು ಮಾತು ಕೇಳಿದ್ದರೆ ನನ್ನ ಬಿ.ಎಸ್ಸಿ. ಕರಗಿಹೋಗುತ್ತಿತ್ತೇ?

ಮರುದಿನ ಬೆಳಿಗ್ಗೆ ಮಾವನವರು ಹಲ್ಲು ಹಾಕಿಕೊಂಡು ತಿಂಡಿಗೆ ಕೂತರು. ತಟ್ಟೆಯನ್ನೂ ನನ್ನನ್ನೂ ನೋಡಿ ಕೇಳಿದರು:

"ಅಳಿಯಂದ್ರೇ, ಹೋಟ್ಲಿಂದ ಸೆಟ್ ದೋಸೆ ತರ್ಸಿದ್ದಾರೆ. ತಿನ್ಲೋ, ಇದೂ ಎದೆಯಿಂದ ದೂರ ಇರ್ಬೇಕೋ?"