ಗೌತಮ ಕಾಕಾರ ಲೋಡ್ ಟೆಸ್ಟ್

ಗೌತಮ ಕಾಕಾರ ಎರಡೂ ಕೆನ್ನೆ ಒಂದೇ ಹೊತ್ತಿಗೆ ನುಣ್ಣಗಿದ್ದದ್ದನ್ನು ಕಂಡವರು ಬೀದರ್ ಪಕ್ಕದ ಚಿದ್ರಿಯಲ್ಲಿ ಯಾರೂ ಇರಲಿಕ್ಕಿಲ್ಲ. ಬೆಳಿಗ್ಗೆ ಗ್ಯಾರೇಜಿನ ಬಾಗಿಲಿಗೆ ಕನ್ನಡಿ ತೂಗುಹಾಕಿ, ಮುಖಕ್ಕೆಲ್ಲ ಸೋಪಿನ ನೊರೆ ಬಳಿದುಕೊಂಡು, ಎಡಗೆನ್ನೆ ಮುಗಿಸುವಷ್ಟರಲ್ಲಿ ಯಾವುದೋ ಗಾಡಿ ಸಿಳ್ಳೆ ಹಾಕುತ್ತ ಬಂದುಬಿಡುತ್ತಿತ್ತು. ಕಾಕಾ ರೇಜರ್ ಕೆಳಗಿಟ್ಟು, ಅದೇ ಬ್ರಶ್ಶು ಅದೇ ಬಟ್ಟಲು ಹಿಡಿದು ಎಂಜಿನ್ನಿನ ರಬ್ಬರ್ ಪೈಪುಗಳಿಗೆ ನೊರೆ ಬಳಿಯಲು ಹೋಗುತ್ತಿದ್ದರು. ಪೈಪಿನಲ್ಲಿ ಸೀಳಿದ್ದರೆ ಅಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಯೊಂದು ಎದ್ದರೆ ಸಾಕು, ಬಲಗೆನ್ನೆಯ ನೆನಪು ಅವರಿಗೆ ಮಧ್ಯಾಹ್ನದ ಊಟದವರೆಗೂ ಆಗುತ್ತಿರಲಿಲ್ಲ. ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಒಂದು ಬಟ್ಟಲು ನೀರಿನಲ್ಲಿ ಮುಖ ಮತ್ತು ಗಾಡಿ ಎರಡನ್ನೂ ಮುಗಿಸುವ ಮನುಷ್ಯ ಇಡೀ ಜಿಲ್ಲೆಯಲ್ಲಿ ತಾವೊಬ್ಬರೇ ಎಂದು ಅವರು ಜಂಬ ಕೊಚ್ಚಿಕೊಳ್ಳುತ್ತಿದ್ದರು.

ನಾನು ಔರಾದ್ ತಾಲೂಕಿನ ಡಾಬಕಾದವನು. ಸೆಕೆಂಡ್ ಹ್ಯಾಂಡ್ ಟರ್ಬೋ ಡೀಸೆಲ್ ಜೀಪೊಂದನ್ನು ಇಟ್ಟುಕೊಂಡು ಬೀದರಿಗೆ ಪ್ಯಾಸೆಂಜರ್ ಹೊಡೆಯುತ್ತಿದ್ದೆ. ಬರದ ವರ್ಷಗಳಲ್ಲಿ ನನ್ನ ಜೀಪಿನಲ್ಲಿ ಹೋಗುವವರೇ ಹೆಚ್ಚು, ವಾಪಸು ಬರುವವರು ಕಡಿಮೆ. ಗಂಟುಮೂಟೆ, ಸ್ಟೋವು, ಕೈಗೂಸು ಎಲ್ಲ ಹತ್ತಿಸಿಕೊಂಡು ಬೀದರ್ ಸ್ಟೇಷನ್ನಿನಲ್ಲಿ ಇಳಿಸಿದರೆ, ಅವರು ಹೈದರಾಬಾದಿಗೋ ಪುಣೆಗೋ ಹೊರಟುಬಿಡುತ್ತಿದ್ದರು. ಊರು ಖಾಲಿ ಮಾಡುವ ಗುತ್ತಿಗೆಯನ್ನು ನಾನೇ ಹಿಡಿದಂತೆ ಅನಿಸಿ ಬೇಜಾರಾಗುತ್ತಿತ್ತು.

ಕೊನೆಗೆ ನನ್ನ ಸರದಿಯೂ ಬಂತು. ಖಾಲಿ ಇದ್ದಾಗ ಕುದುರೆಯಂತೆ ಓಡುವ ಜೀಪು, ಹತ್ತು ಜನ ಕೂತು ಏರು ಸಿಕ್ಕಿದ ಕೂಡಲೇ ಸಿಳ್ಳೆ ಹಾಕಿ, ಸ್ಪೀಡೋಮೀಟರಿನ ಪಕ್ಕದ ಹಳದಿ ದೀಪ ಹೊತ್ತಿಸಿ, ಉಸಿರು ಬಿಟ್ಟು ನಿಲ್ಲತೊಡಗಿತು. ಪ್ಯಾಸೆಂಜರುಗಳು ಇಳಿದು ನಡೆಯಬೇಕು, ನಾನು ಅವರ ಹಿಂದೆ ಮೆಲ್ಲಗೆ ತೆವಳಬೇಕು. ದೊಡ್ಡ ವರ್ಕ್‌ಶಾಪೊಂದರಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ, "ಟರ್ಬೋ ಹೋಗಿದೆ, ಹೊಸದು ಹಾಕಿಸಿ" ಎಂದರು. ಅದು ನನ್ನ ಕೈಗೆ ನಿಲುಕುವ ಮಾತಾಗಿರಲಿಲ್ಲ. ಜೀಪು ಮಾರಿ ಪುಣೆಗೆ ಹೋಗುವುದೆಂದು ತೀರ್ಮಾನಿಸಿದೆ. ಅಲ್ಲಿ ನನ್ನ ಹೆಂಡತಿ ಶೋಭಾಳ ಅಣ್ಣ ಕಟ್ಟಡದ ಕೆಲಸಕ್ಕೆ ಸೇರಿಸುತ್ತೇನೆ ಎಂದಿದ್ದ. ಶೋಭಾ ಅರ್ಧ ಪಾತ್ರೆಗಳನ್ನು ಚೀಲಕ್ಕೆ ತುಂಬಿ, ಉಳಿದರ್ಧವನ್ನು ತುಂಬುವಾಗ ಅಳುತ್ತಿದ್ದಳು.

ಖಟಕ ಚಿಂಚೋಳಿಯ ಪರಿಚಯದವರೊಬ್ಬರು ಕೇಳಿ, "ಮಾರೂದು ಇದ್ದೇ ಅದ. ಮೊದಲ ಚಿದ್ರಿ ಗೌತಮ ಕಾಕಾಗ ಒಮ್ಮಿ ತೋರಸ್ರಿ" ಎಂದರು. ರಿಪೇರಿಯಾದರೆ ಮಾರುವುದಕ್ಕಾದರೂ ಸುಲಭ ಎಂದುಕೊಂಡು ಮರುದಿನ ಬೆಳಿಗ್ಗೆ ಹೋದೆ.

ಕಾಕಾ ಭಾಲ್ಕಿ ಕಡೆಯವರು. ಬಸ್ ಡಿಪೋದಲ್ಲಿ ಸರ್ವಿಸು ಮುಗಿಸಿ ಚಿದ್ರಿಯಲ್ಲಿ ಗ್ಯಾರೇಜು ಹಾಕಿದ್ದರು. ಸಣ್ಣ ಆಳು, ಆ ಆಳಿಗೆ ಒಂದಿಷ್ಟು ಹೆಚ್ಚೇ ಅನ್ನಿಸುವ ಕಿವಿ. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗಿನ ಹಲಗೆಯ ಮೇಲೆ ಮಡಿಸಿದ ಟವೆಲ್ಲಿನೊಳಗೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರು. ಯಾವ ಗಾಡಿ ಬಂದರೂ ಮೊದಲು ಗಾಡಿಯವನನ್ನು ಕೂರಿಸಿ ಕಥೆ ಕೇಳುತ್ತಿದ್ದರು. ಎಲ್ಲಿಂದ ಹೊರಟಿರಿ, ಎಷ್ಟು ಮಂದಿ ಇದ್ದರು, ಏರಿನಲ್ಲಿ ಯಾವ ಗೇರು, ಸಿಳ್ಳೆ ಮೊದಲೋ ದೀಪ ಮೊದಲೋ. ಮದುವೆ ಮಾತುಕತೆಗೂ ಇಷ್ಟು ವಿಚಾರಿಸುವುದಿಲ್ಲ. ಜೀಪು ಮಾರಿ ಪುಣೆಗೆ ಹೊರಟಿರುವುದನ್ನೂ ನಾನು ಹೇಳಿಬಿಟ್ಟೆ.

"ಕಂಪ್ಯೂಟರಿನ್ಯಾಗ ಟರ್ಬೋ ಹೋಗ್ಯಾದ ಅಂತ ಬಂದದ್ರಿ," ಎಂದೆ.

"ಕಂಪ್ಯೂಟರ್ ಹಂಗ ಅಂದಿಲ್ಲ ತಮ್ಮಾ. ಗಾಳಿ ಕಡಿಮಿ ಬರ್ಲತ್ತದ ಅಂತ ಅಷ್ಟೇ ಅಂದದ. ಟರ್ಬೋ ಅನ್ನೂದು ಅಲ್ಲಿ ಕುಂತಾಂವ ಅಂದಾನ. ಕಂಪ್ಯೂಟರ್ ತೋರಸೂ ಈ ಕೋಡ್ ಅಂದ್ರ ಚಾಡಿ ಇದ್ದಂಗ. ಚಾಡಿ ಕೇಳಬೇಕು, ಚಾಡಿ ಕೇಳಿ ಶಿಕ್ಷಾ ಕೊಡಬಾರದು."

ಹೀಗೆಂದು ತಮ್ಮ ಸ್ಕ್ಯಾನರು ಹಚ್ಚಿ, ಕೋಡನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಳಿಸಿಬಿಟ್ಟರು. ನನಗೆ ಗಾಬರಿಯಾಯಿತು. "ಹಳಿ ಚಾಡಿ ಬ್ಯಾಡ. ಮತ್ತ ಬರ್ತದೇನು, ಯಾವಾಗ ಬರ್ತದ, ಅದು ನೋಡೂಣು," ಎಂದರು. ಆಮೇಲೆ ಟರ್ಬೋದ ವಿಷಯ ತಿಳಿಸಿ ಹೇಳಿದರು. ಎಂಜಿನ್ನು ಬಿಟ್ಟ ಹೊಗೆಯೇ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಉಣಿಸುತ್ತದೆ. ದಾರಿಯಲ್ಲಿ ಪೈಪು ಸೀಳಿದರೆ ಗಾಳಿ ಹೊರಗೆ ಹೋಗುತ್ತದೆ, ಎಂಜಿನ್ನು ಉಪವಾಸ ಬೀಳುತ್ತದೆ. ಹೆಚ್ಚು ಹಾಳಾಗದಿರಲಿ ಎಂದು ಕಂಪ್ಯೂಟರೇ ಆಗ ಲಗಾಮು ಎಳೆಯುತ್ತದೆ.

"ಹಂಗಾದರ ಬಾನೆಟ್ ತಗೀರಿ," ಎಂದೆ.

"ಖಾಲಿ ಜೀಪು ಏನೂ ಹೇಳಂಗಿಲ್ಲ. ಲೋಡ್ ಬೇಕು."

ಅಷ್ಟರಲ್ಲಿ ಮೂಲೆಯಲ್ಲಿ ನೀರಿನ ಟ್ಯಾಂಕರು ಬಂದು ನಿಂತಿತು. ಮೇಲಿನ ಓಣಿಯ ರಸ್ತೆ ಇಕ್ಕಟ್ಟು, ಟ್ಯಾಂಕರು ಅಲ್ಲಿಗೆ ಹತ್ತುತ್ತಿರಲಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಇಲ್ಲಿಗೆ ಇಳಿದು ಬಂದು, ತುಂಬಿದ ಕೊಡ ಹೊತ್ತು ಆ ಏರು ಹತ್ತಬೇಕಿತ್ತು. ಕಾಕಾ ಅರ್ಧ ನೊರೆಯ ಮುಖದಲ್ಲೇ ಕೂಗಿದರು: "ಏ ಕಮಲಾಬಾಯಿ! ಕೊಡ ತುಂಬಿಸ್ಕೊಂಡು ಎಲ್ಲಾರೂ ಈ ಕಡಿ ಬರ್ರಿ. ಗಾಡಿ ಟೆಸ್ಟ್ ಅದ!"

ಏಳು ಜನ ಹೆಣ್ಣುಮಕ್ಕಳು, ಹದಿನೈದು ಕೊಡ, ಎರಡು ನೀಲಿ ಡ್ರಮ್ಮು. ನನ್ನ ಜೀಪು ಭಾರಕ್ಕೆ ಕೂತ ಎಮ್ಮೆಯಂತೆ ಕುಸಿಯಿತು. ಕಾಕಾ ನನ್ನ ಪಕ್ಕ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾರೂ ಮಾತಾಡಬ್ಯಾಡ್ರಿ" ಎಂದು ಅಪ್ಪಣೆ ಕೊಟ್ಟರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಏರು ಬಂತು. ಮೂರನೇ ಗೇರಿನಲ್ಲಿ ಒತ್ತಿದೆ. ಸುಂಯ್ ಎಂದು ಸಿಳ್ಳೆ, ಅದರ ಹಿಂದೆಯೇ ಹಳದಿ ದೀಪ. ನನ್ನ ಎದೆ ಧಸಕ್ಕೆಂದರೆ ಕಾಕಾರ ಮುಖ ಅರಳಿತು.

"ಸಿಕ್ತೇನ್ರಿ ಕಾಕಾ ಕಳ್ಳ?" ಎಂದಳು ಕಮಲಾಬಾಯಿ.

"ಆವಾಜ್ ಸಿಕ್ಕದ, ಜಾಗಾ ಸಿಕ್ಕಿಲ್ಲ. ಇನ್ನೊಂದು ರೌಂಡ್ ಬೇಕು."

ತೆವಳುತ್ತ ಹತ್ತಿ ನೀರು ಇಳಿಸಿ, ಕೆಳಗೆ ಬಂದು, ಮತ್ತೆ ಕೋಡ್ ಅಳಿಸಿ, ಮತ್ತೆ ಹೇರಿಕೊಂಡೆವು. ಎರಡನೇ ರೌಂಡಿನಲ್ಲಿ ಸದ್ದು ಎಡಗಡೆಯದು ಎಂದರು, ಮೂರನೆಯದರಲ್ಲಿ ಕೆಳಗಿನದು ಎಂದರು. ಓಣಿಯಲ್ಲಿ ತುಂಬದ ಕೊಡವೇ ಉಳಿಯಲಿಲ್ಲ. ಇಳಿಯುವಾಗ ಹೆಂಗಸೊಬ್ಬಳು ನನ್ನನ್ನು ಕೇಳಿದಳು: "ಅಣ್ಣಾ, ನಾಳಿ ಎಷ್ಟು ಗಂಟಿಗಿ ಬರ್ತೀರಿ?" ನಾನು ಕಾಕಾರ ಮುಖ ನೋಡಿದೆ. ಅವರು ಇನ್ನೆಲ್ಲೋ ನೋಡುತ್ತಿದ್ದರು.

ಗ್ಯಾರೇಜಿಗೆ ಬಂದು ಬಾನೆಟ್ ಎತ್ತಿ, ಮುಂದಿನ ಪೈಪಿನ ಅಡಿಗೆ ಕೈ ಹಾಕಿದರು. ಬೆರಳಿಗೆ ಎಣ್ಣೆ ಹತ್ತಿತು. ನೊರೆ ಬಳಿದು ನನಗೆ ರೇಸ್ ಕೊಡಲು ಹೇಳಿದರು. ಗುಳ್ಳೆ ಎದ್ದೇ ಎದ್ದಿತು. ಬೆರಳುದ್ದದ ಸೀಳು. ಅದಕ್ಕೆ ಕಾರಣ ನಾನೇ. ಬೀದರಿಂದ ಊರಿಗೆ ನೀರು ಒಯ್ಯಲೆಂದು ಜೀಪಿನ ಮೂತಿಗೆ ಕ್ಯಾನು ಇಡುವ ಕಬ್ಬಿಣದ ಸ್ಟ್ಯಾಂಡು ಮಾಡಿಸಿದ್ದೆ. ಆ ವರ್ಷ ನಮ್ಮ ಕಡೆಯ ಜೀಪಿನವರೆಲ್ಲ ಮಾಡಿಸಿದ್ದರು. ಅದರ ಉದ್ದ ಬೋಲ್ಟು ಒಳಗೆ ತೂರಿ, ಕ್ಯಾನು ಕುಲುಕಿದಾಗಲೆಲ್ಲ ಪೈಪನ್ನು ಉಜ್ಜುತ್ತಿತ್ತು.

"ನೀರಿಗಿ ಜಾಗಾ ಮಾಡ್ಲಾಕ ಹೋಗಿ ಗಾಳಿಗಿ ತೂತು ಹಾಕಿದಿ ನೋಡು," ಎಂದು ಕಾಕಾ ಹೊಟ್ಟೆ ಹಿಡಿದು ನಕ್ಕರು. ಸ್ಟ್ಯಾಂಡ್ ಕಿತ್ತು ಬಿಸಾಕುತ್ತಾರೆ ಎಂದುಕೊಂಡೆ. ಅವರು ಬೋಲ್ಟಿನ ತುದಿ ಕತ್ತರಿಸಿ, ಹಳೆಯ ಟಯರಿನ ತುಂಡನ್ನು ನಡುವೆ ಕೂರಿಸಿ, ಹೊಸ ಪೈಪು ಹಾಕಿ ಬಿಗಿದರು. "ಸ್ಟ್ಯಾಂಡ್ ಇರಲಿ. ಕ್ಯಾನ್ ಇಲ್ದೆ ಮನಿಗಿ ಹೋದ್ರ ನಿನ್ನ ಹೆಂಡತಿ ಬಿಡ್ತಾಳೇನು?"

ಕಾಕಾ ತಪ್ಪೇ ಮಾಡದವರು ಎಂದರೆ ಅವರೇ ಒಪ್ಪುವುದಿಲ್ಲ. ಭಾಲ್ಕಿಯ ಡಾಕ್ಟರೊಬ್ಬರ ಕಾರು ಬಂದಾಗ ಕೋಡು ಗಾಳಿ ಅಳೆಯುವ ಸೆನ್ಸರಿನತ್ತ ಬೆರಳು ತೋರಿಸಿತ್ತು. ಕಾಕಾ ಅದನ್ನು ನಂಬದೆ, ಸೀಳು ಹುಡುಕುತ್ತ ಎರಡು ದಿನ ಒಂದೊಂದು ಪೈಪಿಗೂ ನೊರೆ ಬಳಿದರು. ಮೂರನೇ ದಿನ ನೋಡಿದರೆ ಕೆಟ್ಟದ್ದು ಸೆನ್ಸರೇ! ಡಾಕ್ಟರ ಎದುರಿಗೇ ಸ್ಕ್ಯಾನರನ್ನು ಟವೆಲ್ಲಿನಿಂದ ಒರೆಸಿ, "ಮಾಫ್ ಮಾಡಪಾ, ಈ ಸಲ ನಿಂದೇ ಖರೇ" ಎಂದು ಅದರ ಮುಂದೆ ಒಂದು ಕಪ್ ಚಹಾ ಇಟ್ಟರು. ಆಮೇಲೆ ಆ ಚಹಾ ತಾವೇ ಕುಡಿದರು. ಈ ಕಥೆಯನ್ನು ಅವರಷ್ಟು ಖುಷಿಯಿಂದ ಬೇರೆ ಯಾರೂ ಹೇಳುತ್ತಿರಲಿಲ್ಲ.

ನಾನು ಪುಣೆಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಬೀದರಿನಲ್ಲಿ ಪ್ಯಾಸೆಂಜರ್ ಇಳಿಸಿ, ಬರೀ ನೋಡಿಕೊಂಡು ಬರೋಣವೆಂದು ಚಿದ್ರಿಗೆ ಹೋದೆ. ಕೊಡಗಳು ಸಾಲಾಗಿ ಕಾಯುತ್ತಿದ್ದವು. ಎರಡು ರೌಂಡು ಹೊಡೆದೆ. ಅದರ ಮರುದಿನವೂ ಹೋದೆ. ಒಂದು ವಾರದ ಮೇಲೆ ಶೋಭಾ ಚೀಲ ಬಿಚ್ಚಿ ಪಾತ್ರೆಗಳನ್ನು ಮತ್ತೆ ಗೂಡಿನಲ್ಲಿಟ್ಟಳು. ಕಾಕಾರಿಗೆ ಮಾತ್ರ ಆ ಬೇಸಿಗೆ ಪೂರ್ತಿ, ಬಂದ ಗಾಡಿಗೆಲ್ಲ ಲೋಡ್ ಟೆಸ್ಟೇ ಬೇಕಾಗುತ್ತಿತ್ತು. ಭಾಲ್ಕಿ ಡಾಕ್ಟರ ಕಾರಿನಲ್ಲೂ ಹಿಂದಿನ ಸೀಟಿನ ಮೇಲೆ ನಾಲ್ಕು ಕೊಡ ಕೂತಿದ್ದವಂತೆ.

ಮೂರು ವರ್ಷ ಕಳೆದು ಮಳೆ ಚೆನ್ನಾಗಿ ಬಂತು. ಜೀಪು ಮತ್ತೆ ಸಿಳ್ಳೆ ಹಾಕಿದಾಗ ಚಿದ್ರಿಗೆ ಹೋದೆ. ಕಾಕಾ ಸೊರಗಿದ್ದರು. ಟ್ಯಾಂಕರು ಬರುವುದು ನಿಂತಿತ್ತು, ಲೋಡಿಗೆ ಯಾರನ್ನು ಕರೆಯುತ್ತಾರೋ ಎಂದು ನೋಡುತ್ತಿದ್ದೆ. ಅವರು ಕಪಾಟಿನಿಂದ ಒಂದು ರಬ್ಬರ್ ಮುಚ್ಚಳ ತೆಗೆದರು. ಅದರ ನಡುವೆ ಸೈಕಲ್ ಟ್ಯೂಬಿನ ವಾಲ್ವು. ಟರ್ಬೋದ ಬಾಯಿಗೆ ಅದನ್ನು ಬಿಗಿದು, ಟಯರಿಗೆ ಗಾಳಿ ತುಂಬುವ ಪೈಪು ಹಚ್ಚಿ ಹಗುರಾಗಿ ಗಾಳಿ ಬಿಟ್ಟರು. ನಿಂತ ಗಾಡಿಯಲ್ಲೇ ಬುಸ್ಸೆಂದು ಸದ್ದು ಬಂತು. ಐದು ನಿಮಿಷವೂ ಆಗಿರಲಿಲ್ಲ.

"ಕಾಕಾ, ಇದು ಯಾವಾಗ ಮಾಡಿದ್ರಿ?"

"ಡಿಪೋದಾಗ ಇದ್ದಾಗೇ ಮಾಡ್ಕೊಂಡಿದ್ದೆ."

"ಹಂಗಾದರ ಆವತ್ತು ಮೂರು ರೌಂಡ್ ಯಾಕ ಹೊಡಿಸಿದ್ರಿ?"

"ನೀರು ಮ್ಯಾಲಿನ ಓಣಿಗಿ ತಾನೇ ನಡಕೊಂಡು ಹೋಗ್ತಿತ್ತೇನು?" ಎಂದು ನಕ್ಕರು. ಆಮೇಲೆ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಅದೂ ಅಲ್ಲ ತಮ್ಮಾ. ನೀ ಮಾರ್ಲಾಕ ಅಂತ ಗಾಡಿ ರಿಪೇರಿಗಿ ತಂದಿದ್ದಿ. ಐದು ಮಿಂಟಿನ್ಯಾಗ ಮಾಡಿ ಕೊಟ್ಟಿದ್ರ ಸಂಜಿ ಒಳಗ ಮಾರಿ ರೈಲು ಹತ್ತತಿದ್ದಿ. ನಾಳಿ ಎಷ್ಟಕ್ಕ ಬರ್ತೀ ಅಂತ ಯಾರರ ನಿನಗ ಕೇಳಬೇಕಾಗಿತ್ತು. ಕೇಳೂತನಾ ಹೊಡಿಸಿದೆ."

ನಾನು ಚಹಾ ಕುಡಿದು, "ಬರ್ತೇನ್ರಿ ಕಾಕಾ" ಎಂದಷ್ಟೇ ಹೇಳಿ ಬಂದೆ. ಅದೇ ಕೊನೆಯ ಭೇಟಿಯಾಯಿತು.

ಅವರು ತೀರಿಕೊಂಡ ದಿನ ಭಾಲ್ಕಿಯಿಂದ ಅವರ ನೆಂಟರನ್ನು ಕರೆತರಲು ನನ್ನ ಜೀಪೇ ಹೋಯಿತು. ಒಳಗೆ ಹನ್ನೆರಡು ಜನ. ಬೀದರಿನ ಏರಿನಲ್ಲಿ ನಾನು ಅಭ್ಯಾಸಬಲದಿಂದ ಕಿಟಕಿಯಾಚೆ ಕಿವಿಗೊಟ್ಟೆ. ಸಿಳ್ಳೆ ಇಲ್ಲ, ದೀಪ ಇಲ್ಲ, ಎಂಜಿನ್ನು ಗಟ್ಟಿಯಾಗಿ ಎಳೆಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಕಾಕಾರ ಸೋದರಳಿಯ, "ಗಾಡಿ ಮಸ್ತ್ ಅದ, ಯಾರು ನೋಡ್ಕೋತಾರ್ರಿ?" ಎಂದು ಕೇಳಿದ. ನಾನು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಅಲ್ಲಿಯವರೆಗೆ ತಡೆದಿದ್ದ ಅಳುವನ್ನು ಅತ್ತುಬಿಟ್ಟೆ.